ಅವಧಿಗೆ ಮುನ್ನ ಸಾಲ ತೀರುವಳಿ: ಸದಸ್ಯರು ತಿಳಿದಿರಬೇಕಾದ ನಿಯಮಗಳು

ಒಂದು ಕಾಲದಲ್ಲಿ ಗ್ರಾಮವಾಗಿದ್ದ ಗರುಡಾಚಾರ್‌ಪಾಳ್ಯವು ಇಂದು ಬೆಂಗಳೂರು ನಗರದ ಭಾಗ. 2023ರ ಮಾರ್ಚ್‌ನಲ್ಲಿ ಅಲ್ಲಿ ಮೆಟ್ರೊ ನಿಲ್ದಾಣವೂ ಆರಂಭವಾಯಿತು. ಇಂತಹ ಕಡೆ ಸೊಪ್ಪು, ಹೂವು, ಹಣ್ಣು ಮಾರಲು ಗ್ರಾಮಗಳಿಂದ ಬರುವವರೂ ನಗರ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರದೊಂದಿಗೆ ಪಿಎಂ ಸ್ವನಿಧಿ ಸಾಲ ಪಡೆಯಬಹುದು. ಆದ್ದರಿಂದ ಈ ಸಾಲದ ತೀರುವಳಿ ನಿಯಮಗಳು ಗ್ರಾಮ ಪಂಚಾಯಿತಿ ಸದಸ್ಯರಿಗೂ ತಿಳಿದಿರುವುದು ಅವಶ್ಯಕ.

1. ಸಾಲದ ಹಂತಗಳು: 2020ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಮೂರು ಹಂತಗಳ ಸಾಲವು ರೂ. 10,000, 20,000 ಮತ್ತು 50,000 ಆಗಿತ್ತು. 2025ರ ಪರಿಷ್ಕರಣೆಯಂತೆ ಇದು ರೂ. 15,000, 25,000 ಮತ್ತು 50,000. ಇದಕ್ಕೆ ಅಡಮಾನ ಬೇಕಿಲ್ಲ.

2. ದಂಡವಿಲ್ಲ: ಅವಧಿಗೆ ಮುನ್ನ ಸಾಲ ತೀರಿಸುವವರಿಗೆ ಯಾವುದೇ ದಂಡ ವಿಧಿಸತಕ್ಕದ್ದಲ್ಲ. ಸಕಾಲದಲ್ಲಿ ಅಥವಾ ಮುಂಚಿತವಾಗಿ ತೀರಿಸಿದವರು ಮುಂದಿನ ಹಂತದ ಹೆಚ್ಚಿನ ಸಾಲಕ್ಕೆ ಅರ್ಹರಾಗುತ್ತಾರೆ.

3. ಬಡ್ಡಿ ಸಹಾಯಧನ: ಶೇ. 7ರ ಸಹಾಯಧನವು ಮುಂಚಿತವಾಗಿ ತೀರಿಸಿದವರಿಗೆ ಅರ್ಹತೆಯಷ್ಟು ಒಂದೇ ಬಾರಿಗೆ ಜಮೆಯಾಗುತ್ತದೆ. ಸಾಲ ಬಳಸಿದ ಅವಧಿ ಕಡಿಮೆಯಾದಂತೆ ಬಡ್ಡಿಯೂ ಸಹಾಯಧನವೂ ಕಡಿಮೆಯಾಗುತ್ತವೆ. ಪೂರ್ಣ ವರ್ಷದ ಸಹಾಯಧನ ದೊರೆಯುವುದೆಂದು ಯಾರಿಗೂ ಭರವಸೆ ನೀಡಬಾರದು. ಖಾತೆ ಅನುತ್ಪಾದಕವಾದರೆ ಸಹಾಯಧನ ದೊರೆಯದು.

4. ಇತರ ಸಾಲಗಳು: ವ್ಯಾಪಾರೇತರ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಸಾಲಗಳಿಗೆ ಮುಂಗಡ ತೀರುವಳಿ ಶುಲ್ಕ ವಿಧಿಸುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಹೇಳುತ್ತದೆ. ಇದು 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ಅನ್ವಯ. ನಿಗದಿತ ಬಡ್ಡಿದರದ ಸಾಲವಾದರೆ ಕರಾರು ಪತ್ರವನ್ನು ಓದಿಯೇ ಸಲಹೆ ನೀಡತಕ್ಕದ್ದು.

5. ಕ್ರಮ: ತೀರಿಸುವ ದಿನದವರೆಗಿನ ಪೂರ್ಣ ಬಾಕಿಯನ್ನು ಶಾಖೆಯಿಂದ ಲಿಖಿತವಾಗಿ ಪಡೆಯಬೇಕು. ಹಣ ಕಟ್ಟಿದ ರಸೀದಿ, ಖಾತೆ ಮುಕ್ತಾಯದ ದೃಢೀಕರಣ ಮತ್ತು ಬೇಬಾಕಿ ಪ್ರಮಾಣ ಪತ್ರವನ್ನು ಜೋಪಾನವಾಗಿ ಇಡಬೇಕು. ಕೆಲವೇ ರೂಪಾಯಿ ಉಳಿದರೂ ಖಾತೆ ಮುಕ್ತಾಯವಾಗದೆ, ಮುಂದಿನ ಸಾಲಕ್ಕೆ ಅಡ್ಡಿಯಾಗುವ ಸಂಭವವಿದೆ.

6. ಎಚ್ಚರಿಕೆ: ಸರ್ಕಾರಿ ಸಾಲವನ್ನು ಬೇಗ ತೀರಿಸುವ ಹಂಬಲದಿಂದ ಮೀಟರ್ ಬಡ್ಡಿಗೆ ಕೈಸಾಲ ಮಾಡಿದರೆ ಲಾಭದ ಬದಲು ನಷ್ಟವೇ ಹೆಚ್ಚು. ಮರುದಿನದ ಸರಕಿಗೆ ಬೇಕಾದ ಬಂಡವಾಳವನ್ನು ತೆಗೆದಿರಿಸಿ, ಉಳಿತಾಯವಿದ್ದಲ್ಲಿ ಮಾತ್ರ ಮುಂಚಿತವಾಗಿ ತೀರಿಸುವುದು ಹಿತಕರ. ಉಳಿತಾಯವಿಲ್ಲದವರು ಕಂತನ್ನು ತಪ್ಪದೆ ಕಟ್ಟಿದರೂ ಮುಂದಿನ ಹಂತದ ಅರ್ಹತೆ ಉಳಿಯುತ್ತದೆ. ಈ ಅಂಶಗಳನ್ನು ಗ್ರಾಮಸಭೆಯಲ್ಲಿ ಓದಿ ತಿಳಿಸುವುದು ಸೂಕ್ತ.