ಇಪ್ಪತ್ತನೆಯ ಮಗು

ಅಮೆರಿಕದ ಟೆನೆಸಿ ರಾಜ್ಯದಲ್ಲಿ 1940ರಲ್ಲಿ ಜನಿಸಿದ ವಿಲ್ಮಾ ರುಡಾಲ್ಫ್ ತನ್ನ ತಂದೆಯ ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತನೆಯವಳು. ತಂದೆ ರೈಲ್ವೆಯಲ್ಲಿ ದುಡಿಯುತ್ತಿದ್ದ. ತಾಯಿ ಬ್ಲಾಂಚ್ ಪರರ ಮನೆಗೆಲಸ ಮಾಡುತ್ತಿದ್ದಳು. ಎಳವೆಯಲ್ಲಿಯೇ ಪೋಲಿಯೋ ತಗುಲಿ ವಿಲ್ಮಾಳ ಎಡಗಾಲು ಶಕ್ತಿಗುಂದಿತು. ಕಪ್ಪು ಜನಾಂಗದವರಿಗೆ ಊರಿನಲ್ಲಿ ತಕ್ಕ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಆದುದರಿಂದ ತಾಯಿ ವಾರವಾರವೂ ಮಗಳನ್ನು ಸುಮಾರು 80 ಕಿಲೋಮೀಟರು ದೂರದ ನ್ಯಾಶ್‌ವಿಲ್‌ಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಆ ಬಸ್ಸಿನಲ್ಲಿಯೂ ಅವರಿಗೆ ಹಿಂದಿನ ಆಸನಗಳೇ ಗತಿ. ಮನೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಕಾಲನ್ನು ನೀವಬೇಕಾಗಿತ್ತು. ಒಡಹುಟ್ಟಿದವರು ಸರದಿಯಂತೆ ನೀವಿದರು. ದೊಡ್ಡ ಸಂಸಾರವನ್ನು ಹೊರೆಯೆನ್ನುವವರುಂಟು. ಆ ಕಾಲಿಗಂತೂ ಅದೇ ಊರುಗೋಲಾಯಿತು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ವಿಲ್ಮಾ 100 ಮೀಟರ್, 200 ಮೀಟರ್ ಹಾಗೂ ರಿಲೇ ಓಟಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಳು. ಅವಳ ಊರಾದ ಕ್ಲಾರ್ಕ್ಸ್‌ವಿಲ್ ಸ್ವಾಗತಕ್ಕೆ ಅಣಿಯಾಯಿತು. ಬಿಳಿಯರಿಗೂ ಕಪ್ಪು ಜನರಿಗೂ ಬೇರೆಬೇರೆ ಏರ್ಪಾಡಾದರೆ ತಾನು ಬರಲಾರೆನೆಂದು ಇಪ್ಪತ್ತರ ಆ ತರುಣಿ ಖಂಡಿತವಾಗಿ ತಿಳಿಸಿದಳು. ಹಿಂದಿನ ಆಸನದಲ್ಲಿ ತನ್ನ ಪಕ್ಕ ಕುಳಿತು ಬಂದ ತಾಯಿಯ ಋಣಕ್ಕೆ ಅದಕ್ಕಿಂತ ತಕ್ಕ ಕಾಣಿಕೆ ಬೇರೆ ಯಾವುದಿದ್ದೀತು? ಊರು ಒಪ್ಪಿತು. ಅಲ್ಲಿನ ಸಾರ್ವಜನಿಕ ಸಮಾರಂಭವೊಂದರಲ್ಲಿ ಉಭಯ ಜನರೂ ಭೇದವಿಲ್ಲದೆ ಕಲೆತುದು ಅಂದೇ ಮೊದಲು.