ಕುಂಡದಲ್ಲಿ ಕಳ್ಳಿ: ಮಳೆಗಾಲಕ್ಕೆ ಮುನ್ನ ತಿಳಿದಿರಲಿ



ಬಾಯ್ನಾದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮೂಲ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಬಯಲುಸೀಮೆ. ಅಲ್ಲಿ ಹೊಲದ ಬದುವಿನಲ್ಲಿ ಪಾಪಾಸುಕಳ್ಳಿ ಯಾರೂ ನೀರೆರೆಯದೆ ಬೆಳೆಯುತ್ತದೆ. ಇಲ್ಲಿ ಕುಂಡದಲ್ಲಿ ಅಕ್ಕರೆಯಿಂದ ಸಾಕಿದರೂ ಆಗಸ್ಟ್ ಹೊತ್ತಿಗೆ ಕೊಳೆತು ಬೀಳುತ್ತದೆ. ನಾವೂ ದಿನಾ ನೀರು ಹಾಕಿ ಒಂದು ಗಿಡವನ್ನು ಹೀಗೆಯೇ ಕಳೆದುಕೊಂಡಿದ್ದೇವೆ.

ಕಾರಣ ಸರಳ. ವಿಜಯಪುರದ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಗೋವೆಯ ಕರಾವಳಿಯಲ್ಲಿ 2,500 ಮಿ.ಮೀ.ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಳ್ಳಿಯ ದಪ್ಪ ಕಾಂಡವೇ ಅದರ ನೀರಿನ ಕೊಡ. ಎಲೆಗಳು ಮುಳ್ಳಾಗಿವೆ, ಮೈಗೆ ಮೇಣದ ಲೇಪವಿದೆ, ರಂಧ್ರಗಳು ರಾತ್ರಿಯಲ್ಲಿ ಮಾತ್ರ ತೆರೆಯುತ್ತವೆ. ಹೀಗೆ ನೀರು ಉಳಿಸುವ ಗಿಡದ ಬೇರು ಸದಾ ಒದ್ದೆಯಾಗಿದ್ದರೆ ಕೊಳೆಯದೆ ಇರದು.

ನೆಡುವ ಕ್ರಮ

1. ತಳದಲ್ಲಿ ತೂತಿರುವ ಮಣ್ಣಿನ ಕುಂಡ ಒಳ್ಳೆಯದು. ಎಣ್ಣೆ ಡಬ್ಬಿಯಾದರೆ ನಾಲ್ಕೈದು ತೂತು ಮಾಡಿರಿ.

2. ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು ಬೆರೆಸಿರಿ. ಹತ್ತಿರವಿದೆಯೆಂದು ಕಡಲ ದಂಡೆಯ ಮರಳು ತರಬೇಡಿರಿ. ಅದರ ಉಪ್ಪು ಬೇರಿಗೆ ಕೆಡುಕು. ಹಸಿ ಸಗಣಿಯೂ ಬೇಡ.

3. ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೇಕು. ಮೇ ಕೊನೆಯಲ್ಲಿ ಕುಂಡವನ್ನು ಸೂರಿನ ಕೆಳಗೆ, ಬೆಳಕು ಗಾಳಿ ಇರುವಲ್ಲಿಗೆ ಸರಿಸಿರಿ.

ನೀರು

ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ತಳದಿಂದ ಹರಿಯುವಷ್ಟು ಹಾಕಿರಿ. ಚಳಿಗಾಲದಲ್ಲಿ ಇಪ್ಪತ್ತು ದಿನಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಬಹುತೇಕ ಬೇಡವೇ ಬೇಡ. ಮೊದಲು ಮಣ್ಣಿಗೆ ಒಂದು ಕಡ್ಡಿ ಚುಚ್ಚಿರಿ. ಕಡ್ಡಿ ಒಣಗಿ ಬಂದರೆ ಮಾತ್ರ ನೀರು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿರಿ. ಡೆಂಗ್ಯೂ ಹರಡುವ ಸೊಳ್ಳೆ ಅಷ್ಟು ನೀರಿನಲ್ಲೇ ಮೊಟ್ಟೆಯಿಟ್ಟು ಒಂದು ವಾರ, ಹತ್ತು ದಿನಗಳಲ್ಲಿ ಮರಿ ಹಾರಿಸುತ್ತದೆ.

ಬುಡ ಮೆತ್ತಗಾಗಿ ಕಪ್ಪಾದರೆ ಕೈಬಿಡಬೇಡಿರಿ. ಶುದ್ಧ ಚಾಕುವಿನಿಂದ ಹಸಿರು ತಿರುಳು ಕಾಣುವವರೆಗೆ ಕೊಯ್ದು, ಮೇಲಿನ ಭಾಗವನ್ನು ನೆರಳಲ್ಲಿ ಹತ್ತು ದಿನ ಒಣಗಿಸಿ, ಒಣ ಮರಳಲ್ಲಿ ನೆಡಿರಿ. ಒಂದು ವಾರ ನೀರು ಬೇಡ.

ಆರೋಗ್ಯದ ಎಚ್ಚರಿಕೆ

ನಾವು ಕಳ್ಳಿ ಎನ್ನುವುದೆಲ್ಲ ಒಂದೇ ಜಾತಿಯಲ್ಲ. ಬೇಲಿಗೆ ನೆಡುವ ಚದುರಕಳ್ಳಿಯನ್ನು ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಪಾಪಾಸುಕಳ್ಳಿಯಿಂದ ಹಾಲು ಬರುವುದಿಲ್ಲ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳ ಕಣ್ಣಿಗೆ ತಾಗಿದರೆ ಉಜ್ಜಬೇಡಿರಿ, ಎದೆಹಾಲು, ಎಣ್ಣೆ ಏನನ್ನೂ ಬಿಡಬೇಡಿರಿ. ಶುದ್ಧ ನೀರಿನಿಂದ ಹದಿನೈದು, ಇಪ್ಪತ್ತು ನಿಮಿಷ ತೊಳೆದು ತಕ್ಷಣ ಕಣ್ಣಿನ ವೈದ್ಯರಲ್ಲಿಗೆ ಒಯ್ಯಿರಿ.

ಪಾಪಾಸುಕಳ್ಳಿಯ ಸಣ್ಣ ನವಿರು ಮುಳ್ಳು ಚುಚ್ಚಿದರೆ ತಿಕ್ಕದೆ ಚಿಮಟದಿಂದ ತೆಗೆಯಿರಿ. ಸಕ್ಕರೆ ಕಾಯಿಲೆಯವರು ಕಾಲಿಗೆ ಮುಳ್ಳು ತಾಗಿದ್ದನ್ನು ಅಲಕ್ಷಿಸಬಾರದು.

ಬಂಧುಗಳೇ, ಪ್ರೀತಿ ಹೆಚ್ಚಾಗಿ ಸಾಯುವ ಗಿಡ ಇದು. ಬೇಕಾದಾಗ ಕೊಡುವುದರಂತೆ ಬೇಡವಾದಾಗ ತಡೆಯುವುದೂ ಆರೈಕೆಯೇ. ಈ ಮೇ ತಿಂಗಳಲ್ಲಿ ನಿಮ್ಮ ಕುಂಡವನ್ನು ಸೂರಿನ ಕೆಳಗೆ ಸರಿಸಲು ಮರೆಯದಿರಿ.