ಮೈಕ್ ಬೇಡ ಅನ್ನುವ ಮುನ್ನ

ರಾಜ್ಯೋತ್ಸವವೋ ಯುಗಾದಿಯೋ, ನಮ್ಮ ಕಾರ್ಯಕ್ರಮ ಯಾವುದೇ ಇರಲಿ, ವೇದಿಕೆ ಹತ್ತಿದವರಲ್ಲಿ ಒಬ್ಬರಾದರೂ "ಮೈಕ್ ಯಾಕ್ರೀ, ನನ್ನ ಗಂಟಲೇ ಸಾಕು" ಅಂತ ಅದನ್ನು ಪಕ್ಕಕ್ಕಿಡುತ್ತಾರೆ. ಸಭೆಯೂ ನಗುತ್ತದೆ. ಆದರೆ ಮೈಕ್ ಇರುವುದು ಮಾತಾಡುವವರಿಗಾಗಿಯೋ, ಕೇಳುವವರಿಗಾಗಿಯೋ? ಈ ಪಾಠದಲ್ಲಿ ಅದನ್ನೇ ನೋಡೋಣ.

ಮೈಕ್ ಮಾಡುವ ಕೆಲಸ

ನಾವು ಮಾತಾಡಿದಾಗ ಗಾಳಿ ಕಂಪಿಸುತ್ತದೆ. ಮೈಕ್ ಒಳಗಿನ ತೆಳು ಪೊರೆ ಅದಕ್ಕೆ ತಕ್ಕಂತೆ ಅಲುಗುತ್ತದೆ. ಆ ಅಲುಗಾಟ ವಿದ್ಯುತ್ತಿನ ಏರಿಳಿತವಾಗುತ್ತದೆ. 1878ರಲ್ಲಿ ಡೇವಿಡ್ ಎಡ್ವರ್ಡ್ ಹ್ಯೂಸ್ ಇದೇ ಲಂಡನ್ನಿನಲ್ಲಿ ಇನ್ನೂ ಸರಳವಾದ ಮೈಕ್ ತೋರಿಸಿದರು. ಸಡಿಲವಾಗಿ ತಾಗಿಕೊಂಡ ಇಂಗಾಲದ ತುಂಡುಗಳ ಮೂಲಕ ವಿದ್ಯುತ್ ಹರಿಸುವುದು. ಸದ್ದು ಬಿದ್ದಾಗ ತುಂಡುಗಳ ನಡುವಿನ ಒತ್ತಡ ಬದಲಾಗಿ ವಿದ್ಯುತ್ತೂ ಹೆಚ್ಚುಕಡಿಮೆ ಆಗುತ್ತದೆ. ಅಮೆರಿಕದಲ್ಲಿ ಎಡಿಸನ್, ಬರ್ಲಿನರ್ ಅವರೂ ಅದೇ ಕಾಲಕ್ಕೆ ಇಂಥದ್ದೇ ಪ್ರಯತ್ನದಲ್ಲಿದ್ದರು. ಹ್ಯೂಸ್ ಮಾತ್ರ ಪೇಟೆಂಟ್ ಪಡೆಯದೆ ತಮ್ಮ ಮೈಕನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅವರು ವಾಸವಿದ್ದ ಗ್ರೇಟ್ ಪೋರ್ಟ್‌ಲ್ಯಾಂಡ್ ಸ್ಟ್ರೀಟ್‌ನಿಂದ ಬಿಬಿಸಿಯ ಬ್ರಾಡ್‌ಕಾಸ್ಟಿಂಗ್ ಹೌಸ್‌ಗೆ ನಡೆದೇ ಹೋಗಬಹುದು.

ನಮ್ಮಂತೆಯೇ ಲಂಡನ್ನಿಗೆ ಓದಲು ಬಂದಿದ್ದ ಮನಶ್ಶಾಸ್ತ್ರಜ್ಞ ಎಂ.ವಿ. ಗೋಪಾಲಸ್ವಾಮಿ ಮೈಸೂರಿಗೆ ಮರಳಿ, 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಪ್ರಸಿದ್ಧವಾದದ್ದು ಅಲ್ಲಿಂದಲೇ. ಅಲ್ಲಿ ಮೈಕ್ ಮುಂದೆ ಕೂತವರಿಗೆ ಕೇಳುಗರು ಕಾಣುತ್ತಿರಲಿಲ್ಲ. ಎದುರಿಗೆ ಇಲ್ಲದವರನ್ನು ತಲುಪಿಸುವುದೇ ಮೈಕಿನ ಕೆಲಸ.

ನಮಗೆ ಕಾಣದ ಕೇಳುಗರು

ಲಂಡನ್ನಿನ ಟಿಕೆಟ್ ಕಿಟಕಿಗಳಲ್ಲಿ, ರಂಗಮಂದಿರಗಳಲ್ಲಿ, ಕೆಲವು ಲೆಕ್ಚರ್ ಹಾಲ್‌ಗಳಲ್ಲಿ ಕಿವಿಯ ಚಿತ್ರವಿರುವ ಫಲಕ ನೋಡಿರುತ್ತೀರಿ. ಅಲ್ಲಿ ಹಿಯರಿಂಗ್ ಲೂಪ್ ಇದೆ ಅಂತ ಅರ್ಥ. ಮೈಕಿಗೆ ಬಿದ್ದ ಮಾತು ಒಂದು ತಂತಿಯ ಸುತ್ತಿನಲ್ಲಿ ಹರಿದು ಕಾಂತಕ್ಷೇತ್ರವಾಗುತ್ತದೆ. ಶ್ರವಣಯಂತ್ರದೊಳಗಿನ ಸಣ್ಣ ಸುರುಳಿ ಅದನ್ನು ಹಿಡಿದು ಮತ್ತೆ ಮಾತಾಗಿಸುತ್ತದೆ. ಸುತ್ತಲಿನ ಗದ್ದಲ ಅಡ್ಡ ಬರುವುದಿಲ್ಲ.

ಆದರೆ ಮೈಕಿಗೆ ಬೀಳದ ಮಾತು ಲೂಪಿಗೂ ಹೋಗುವುದಿಲ್ಲ. "ನನ್ನ ಗಂಟಲೇ ಸಾಕು" ಅಂದವರ ಭಾಷಣ ಕೊನೆಯ ಸಾಲಿನ ಹುಡುಗರಿಗೆ ಕೇಳಬಹುದು; ಲೂಪ್ ನಂಬಿ ಮೊದಲ ಸಾಲಿನಲ್ಲಿ ಕೂತ ಅಜ್ಜನಿಗೆ ಕೇಳದೇ ಹೋಗಬಹುದು. ದಾವಣಗೆರೆಯಿಂದ ಆನ್‌ಲೈನ್‌ನಲ್ಲಿ ನೋಡುತ್ತಿರುವ ಅಮ್ಮನಿಗೂ ಅದೇ ಗತಿ. ಸಭಿಕರು ಮೈಕಿಲ್ಲದೆ ಪ್ರಶ್ನೆ ಕೇಳಿದರೆ, ಉತ್ತರಿಸುವ ಮೊದಲು ಆ ಪ್ರಶ್ನೆಯನ್ನು ಮೈಕಿನಲ್ಲಿ ಒಮ್ಮೆ ಹೇಳಿಬಿಡಿ.

ಹಿಡಿಯುವ ಬಗೆ

ಬಾಯಿಗೂ ಮೈಕಿಗೂ ನಡುವಿನ ದೂರ ಎರಡರಷ್ಟಾದರೆ, ತಲುಪುವ ದನಿಯ ತೀವ್ರತೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ, ಫ್ರಿಜ್ಜಿನ ಗುಂಯ್‌ಗುಡುವಿಕೆ ಮಾತ್ರ ಹಾಗೇ ಇರುತ್ತವೆ. ಆದ್ದರಿಂದ ಕಿರುಚುವುದಕ್ಕಿಂತ ಹತ್ತಿರ ಬರುವುದು ಮೇಲು. ಕೈಯಲ್ಲಿ ಹಿಡಿಯುವ ಮೈಕ್ ಬಾಯಿಂದ ನಾಲ್ಕೈದು ಬೆರಳಿನಷ್ಟು ದೂರ ಇರಲಿ.

ನೇರ ಮುಂದೆ ಹಿಡಿದರೆ 'ಪ', 'ಫ', 'ಭ' ಬಂದಾಗಲೆಲ್ಲ ಉಸಿರು ಪೊರೆಗೆ ಬಡಿದು 'ಧಪ್' ಅನ್ನುತ್ತದೆ. ಬೇಕಾದ್ರೆ ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಫಲ' ಅಂದು ನೋಡಿ. ಮೈಕನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಮಹಾಪ್ರಾಣ ಬಿಡದೆಯೇ ಮಾತಾಡಬಹುದು. ಪರೀಕ್ಷಿಸಲು ಊದಬೇಡಿ, ತಟ್ಟಬೇಡಿ. ಆ ಸದ್ದು ಯಾರದೋ ಕಿವಿಯೊಳಗೇ ಹೋಗುತ್ತದೆ. "ಹಲೋ, ಹಲೋ" ಸಾಕು.

ಅಜ್ಜಿಯ ಮಾತು

ಹಳೆಯ ಮಾದರಿಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. 'ಸ'ಕಾರದ ಶಕ್ತಿ ಬಹುಪಾಲು ಅದಕ್ಕೂ ಮೇಲಿರುವುದರಿಂದ ಫೋನಿನಲ್ಲಿ ಹೆಸರು, ಊರು ತಪ್ಪಾಗಿ ಕೇಳುತ್ತವೆ. ಅಜ್ಜಿ ಹೇಳುವ ಗಾದೆ, ಸೋಬಾನೆ ಪದ ಉಳಿಸಿಕೊಳ್ಳಬೇಕು ಅಂತಿದ್ದರೆ ಕರೆಯನ್ನು ನಂಬಿ ಕೂರಬೇಡಿ. ಅವರ ಒಪ್ಪಿಗೆ ಕೇಳಿ, ಊರಲ್ಲಿರುವ ತಮ್ಮನಿಗೋ ತಂಗಿಗೋ ಅಲ್ಲೇ ರೆಕಾರ್ಡ್ ಮಾಡಲು ಹೇಳಿ. ಫ್ಯಾನ್ ಆರಿಸಿ, ಮಡಚಿದ ಟವೆಲ್ ಮೇಲೆ ಫೋನಿಟ್ಟು, ಅದರ ಕೆಳತುದಿಯ ಮೈಕ್ ರಂಧ್ರ ಅಜ್ಜಿಯ ಕಡೆಗೆ ಇರಲಿ. ಒಂದು ನಿಮಿಷ ಮಾತಾಡಿಸಿ, ಕೇಳಿ ನೋಡಿ, ಆಮೇಲೆ ಮುಂದುವರಿಸಲಿ. ಕೆಟ್ಟ ಫೋಟೊ ಆದರೆ ಮುಖ ಗುರುತಾದರೂ ಸಿಗುತ್ತದೆ. ಕೆಟ್ಟ ರೆಕಾರ್ಡಿಂಗಿನಲ್ಲಿ ಪದವೇ ಸಿಗುವುದಿಲ್ಲ.

ಮುಂದಿನ ಕಾರ್ಯಕ್ರಮದಲ್ಲಿ ಮೈಕ್ ಕೈಗೆ ಬಂದಾಗ, ದಯವಿಟ್ಟು ತಗೊಳ್ಳಿ.